ದೀಪ ಹತ್ತಿದ ಮೇಲೂ ಏಳದವನು

ಈಗ ಎದ್ದುಬಿಡಲೇ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲೇ? ಎದ್ದರೆ, ಇಷ್ಟು ಹೊತ್ತು ಏಕೆ ಏಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಏಳದಿದ್ದರೆ, ಈ ಮನುಷ್ಯ ಬದುಕಿದ್ದಾನೆಯೇ ಎಂಬ ಪ್ರಶ್ನೆ. ತಲೆ ಎದೆಗೆ ಬಾಗಿದೆ, ಕುತ್ತಿಗೆ ಹಿಡಿದುಕೊಂಡಿದೆ. ದೀಪ ಹತ್ತಿದೆಯೆಂದು ಮುಚ್ಚಿದ ರೆಪ್ಪೆಯೊಳಗಿನ ಕೆಂಪು ಹೇಳುತ್ತಿದೆ. ನನ್ನ ಕಾಲಿನ ಹತ್ತಿರ ಪೊರಕೆಯ ಸದ್ದು ನಿಂತಿದೆ. ಅಂದರೆ ಚಿತ್ರಮಂದಿರದ ಒಡತಿ ಚಿಹಾರು-ಸಾನ್, ಪ್ರೇಕ್ಷಕನನ್ನು ಎಬ್ಬಿಸುವುದು ಮರ್ಯಾದೆಯಲ್ಲವೆಂದು, ಪೊರಕೆ ಹಿಡಿದು ಕಾಯುತ್ತಿದ್ದಾಳೆ.

ನಮ್ಮೂರಿನಲ್ಲಿ ಸಿನಿಮಾ ಮುಗಿದೊಡನೆ ಯಾರೂ ಏಳುವುದಿಲ್ಲ. ಹೊಸ ಚಿತ್ರವಾದರೆ, ಚಿತ್ರತಂಡಕ್ಕೆ ಊಟದ ಡಬ್ಬಿ ಹೊತ್ತವನ ಹೆಸರೂ ಪರದೆಯ ಮೇಲೆ ಏರಿ ಮರೆಯಾಗುವವರೆಗೆ ಕೂತಿರಬೇಕು. ಹಳೆಯದಾದರೆ ಕೊನೆಯ ಅಕ್ಷರ ಮಾಸಿ ದೀಪ ಹತ್ತುವವರೆಗೆ. ನಡುವೆ ಎದ್ದವನನ್ನು ಸಾವಿನ ಮನೆಯಲ್ಲಿ ಶಿಳ್ಳೆ ಹಾಕಿದವನಂತೆ ನೋಡುತ್ತಾರೆ. ನಾನಾದರೋ ದೀಪ ಹತ್ತಿದ ಮೇಲೂ ಕೂತಿದ್ದೆ. ಸಭ್ಯತೆಯಲ್ಲಿ ಊರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ನಿದ್ದೆ ಹೋದವನಿಗೆ ಇಷ್ಟು ಸುಲಭವಾಗಿ ಸಿಗುವ ಗೌರವ ಬೇರೊಂದಿಲ್ಲ.

ಆಕಳಿಕೆ ಬಂತು. ಜನರ ಎದುರು ಬಾಯಿ ತೆರೆಯಬಾರದೆಂದು ತಾಯಿ ಕಲಿಸಿದ್ದಳು. ತುಟಿ ಬಿಗಿಹಿಡಿದು ಆಕಳಿಸಿದೆ. ಹಾಗೆ ಮಾಡಿದರೆ ಮುಖ ನಡುಗುತ್ತದೆ, ಮೂಗು ಅರಳುತ್ತದೆ, ಎರಡೂ ಕಣ್ಣಿನಿಂದ ನೀರು ಇಳಿಯುತ್ತದೆ.

"ಅಯ್ಯೋ, ಅಳ್ತಿದಾರೆ!" ಎಂದಿತು ಹಿಂದಿನಿಂದ ಒಂದು ದನಿ. ಕ್ಷೌರದಂಗಡಿಯ ತೋಕಿಯೆ-ಸಾನ್.

"ಶ್! ಮೆಲ್ಲಗೆ," ಎಂದದ್ದು ಸೋಯಾ ಹಾಲಿನ ಗಿಣ್ಣು ಮಾರುವ ತೋಫು ಅಂಗಡಿಯ ಹಂಝಾವಾ, ನಮ್ಮ ಬೀದಿಯ ವರ್ತಕರ ಸಂಘದ ಅಧ್ಯಕ್ಷ. "ಆ ಕತ್ತಿವೀರ ಇಡೀ ಚಿತ್ರದಲ್ಲಿ ಒಂದು ಸಲಾನೂ ಕತ್ತಿ ಹೊರಗೆ ತೆಗೀಲಿಲ್ಲ. ನಾನು ದುಡ್ಡು ವಾಪಸ್ ಕೇಳೋಣ ಅಂತಿದ್ದೆ. ಇವರು ನೋಡಿ, ಅದಕ್ಕೇ ಅಳ್ತಿದಾರೆ. ಓದಿದೋರಿಗೂ ನಮಗೂ ಇರೋ ವ್ಯತ್ಯಾಸ ಇದೇನೇ."

ನಾನು ಓದಿದ್ದು ತತ್ವಶಾಸ್ತ್ರ. ಮೌನದ ಬಗ್ಗೆ ಪ್ರಬಂಧ ಬರೆದಿದ್ದೆ. ಅದನ್ನು ಓದಿದ ಪ್ರಾಧ್ಯಾಪಕರೂ ಮೌನವಾಗಿದ್ದರು. ಆಮೇಲೆ ಊರಿಗೆ ಬಂದು ಅಮ್ಮನ ಹಾಸಿಗೆ ಅಂಗಡಿಯಲ್ಲಿ ಕೂತೆ. ಅಮ್ಮ ತೀರಿಕೊಂಡ ಮೇಲೆ ಅಂಗಡಿ ನನ್ನದಾಯಿತು, ನಿದ್ದೆ ಹೋಯಿತು. ಸುತ್ತ ಚಾವಣಿಯವರೆಗೆ ಹತ್ತಿಯ ಹಾಸಿಗೆ, ರಜಾಯಿ, ದಿಂಬು. ನಡುವೆ ಕಣ್ಣು ಬಿಟ್ಟುಕೊಂಡು ನಾನು. ಸಿಹಿ ಅಂಗಡಿಯವನಿಗೆ ಸಕ್ಕರೆ ಕಾಯಿಲೆ ಬಂದರೆ ಜನ ಅಯ್ಯೋ ಎನ್ನುತ್ತಾರೆ. ಹಾಸಿಗೆ ಅಂಗಡಿಯವನಿಗೆ ನಿದ್ದೆ ಬರುವುದಿಲ್ಲವೆಂದು ಗೊತ್ತಾದರೆ ಪಕ್ಕದೂರಿನ ಅಂಗಡಿಗೆ ಹೋಗುತ್ತಾರೆ.

ಗುರುವಾರ ಬೀದಿಗೆ ರಜೆ. ಮಧ್ಯಾಹ್ನದ ಆಟಕ್ಕೆ ಮಿಝುಹಾ ಚಿತ್ರಮಂದಿರಕ್ಕೆ ಹೋಗುತ್ತಿದ್ದೆ. ಟಿಕೆಟ್ ಹರಿದುಕೊಟ್ಟ ಮೇಲೆ ಚಿಹಾರು-ಸಾನ್ ಹೊರಗಿನ ಪಡಸಾಲೆ ಗುಡಿಸುತ್ತಾಳೆ. ಪರದೆಯ ಮೇಲೆ ಚಿತ್ರ ಶುರುವಾಗುವ ಹೊತ್ತಿಗೆ ಬಾಗಿಲ ಆಚೆಯಿಂದ ಆ ಪೊರಕೆಯ ಸದ್ದು, ಸರ್ರ್, ಸರ್ರ್. ಅಷ್ಟೇ. ಮುಂದಿನದು ನನಗೆ ಗೊತ್ತಿಲ್ಲ. ಹೀಗೆ ನಾನು ನಮ್ಮ ದೇಶದ ಚಲನಚಿತ್ರಗಳನ್ನು, ಮೂಕಿಯ ಕಾಲದಿಂದ ಇಂದಿನವರೆಗೆ, ಮೊದಲ ದೃಶ್ಯದ ಮಟ್ಟಿಗೆ ಬಲ್ಲವನಾಗಿದ್ದೆ.

ಮರುದಿನ ಅಂಗಡಿಯ ಬಾಗಿಲು ಸರಿಸುವುದರೊಳಗೆ ತೋಕಿಯೆ-ಸಾನ್ ನಿಂತಿದ್ದಳು.

"ಉಸುಯಿ-ಸಾನ್, ಒಂದು ಕೇಳ್ಬೇಕಿತ್ತು. ನಾನೂ ನಮ್ಮ ಯಜಮಾನ್ರೂ ಮಾತು ಬಿಟ್ಟು ಎರಡು ವಾರ ಆಯ್ತು. ಇಬ್ರೂ ಒಟ್ಟಿಗೆ ನೋಡೋ ಅಂಥ ಸಿನಿಮಾ ಯಾವುದಾದ್ರೂ ಹೇಳಿ."

"ನಾನು ಹೇಳೋದಾ?"

"ಮತ್ತಿನ್ಯಾರು? ಕತ್ತಿ ತೆಗೀದೇ ಇದ್ದಿದ್ದಕ್ಕೆ ಅತ್ತವರು ನೀವೊಬ್ರೇ."

ಏನು ಹೇಳಲಿ? ಚಾವಣಿ ನೋಡಿದೆ. ಚಿತ್ರಮಂದಿರದ ಮುಂದಿನ ಪೋಸ್ಟರುಗಳನ್ನು ನೆನಪಿಸಿಕೊಂಡೆ. ನಮ್ಮಲ್ಲಿ ಉತ್ತರ ತಡವಾಗಿ ಬಂದಷ್ಟೂ ಆಳದಿಂದ ಬಂತೆಂದು ಲೆಕ್ಕ. ನನ್ನದು ಬಹಳ ತಡವಾಯಿತು.

"ದೆವ್ವದ್ದು," ಎಂದೆ ಕೊನೆಗೆ. "ಐವತ್ತರ ದಶಕದ್ದು. ಕಪ್ಪು ಬಿಳುಪು. ಸತ್ತವಳು ಎರವಲು ತಂದ ಕೊಡೆ ಹಿಂತಿರುಗಿಸೋಕೆ ಬರ್ತಾಳಲ್ಲ, ಅದು."

"ಮಾತು ಬಿಟ್ಟಿರೋರಿಗೆ ದೆವ್ವದ್ದಾ?"

ನಾನು ಹತ್ತಿರದ ದಿಂಬೊಂದರ ಧೂಳು ಕೊಡವಿದೆ. ಅವಳು ನನ್ನ ಮುಖ ನೋಡಿ, ನಿಧಾನವಾಗಿ ತಲೆಯಾಡಿಸಿ ಹೋದಳು.

ಮುಂದಿನ ವಾರ ಗಂಡಹೆಂಡಿರು ಕೈಕೈ ಹಿಡಿದುಕೊಂಡು ಬಂದರು. "ಕೊಡೆ ತಾನಾಗೇ ಬಿಚ್ಚಿಕೊಳ್ತಲ್ಲ, ಆಗ ಹಿಡ್ಕೊಂಡವಳು ಇನ್ನೂ ಬಿಟ್ಟಿಲ್ಲ," ಎಂದ ಕ್ಷೌರಿಕ. "ಎಡಗೈಲೇ ಕತ್ತರಿ ಆಡಿಸ್ತಿದೀನಿ, ಉಸುಯಿ-ಸಾನ್. ಗಿರಾಕಿಗಳು ಗೊಣಗ್ತಿದಾರೆ. ಆದ್ರೂ ಪರವಾಗಿಲ್ಲ."

ಅಲ್ಲಿಂದ ನನ್ನ ಅಂಗಡಿ ಹಾಸಿಗೆಯದಾಗಿ ಉಳಿಯಲಿಲ್ಲ, ದವಾಖಾನೆಯಾಯಿತು. ಹಂಝಾವಾ ಬಂದು ರಜಾಯಿಯ ಮೇಲೆ ದೊಪ್ಪನೆ ಕೂತ. ಅವನ ಅಳಿಯ ಚಾಕೊಲೇಟ್ ತೋಫು ಮಾಡಬೇಕೆಂದು ಹಟ ಹಿಡಿದಿದ್ದನಂತೆ.

"ನಮ್ಮಜ್ಜನ ಕಾಲದ ಅಂಗಡಿ! ಬಿಳೀ ತೋಫು ಬಿಟ್ಟು ಬೇರೆ ಬಣ್ಣ ಕಂಡಿಲ್ಲ. ಆ ಹುಡುಗನಿಗೆ ಬುದ್ಧಿ ಬರೋ ಸಿನಿಮಾ ಒಂದು ಹೇಳಿ."

ಹಂಝಾವಾನ ಮುಖ ನೋಡಿದರೆ ಎಪ್ಪತ್ತರ ದಶಕದ ರೌಡಿ ಚಿತ್ರವೊಂದರ ಪೋಸ್ಟರು ನೆನಪಾಗುತ್ತಿತ್ತು. ಅದನ್ನೇ ಹೇಳಿದೆ. ಅದರಲ್ಲಿ ಎರಡು ಗುಂಪಿನವರು ಒಂದೇ ಬಟ್ಟಲಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯ ಕುಡಿದು ಪ್ರಾಣ ಇರುವವರೆಗೆ ಅಪ್ಪಮಕ್ಕಳಂತೆ ಇರುತ್ತೇವೆಂದು ಆಣೆ ಮಾಡುತ್ತಾರಂತೆ. ಮಾವ ಅಳಿಯ ಮನೆಗೆ ಬಂದು ಹಾಗೆಯೇ ಕುಡಿದರು. ಆಣೆ ಮಾಡಿದರು. ಚಾಕೊಲೇಟ್ ತೋಫು ಅಂಗಡಿಯ ಮುಂಭಾಗದಲ್ಲಿ ಬಂತು. ತಿಂದವರೆಲ್ಲ ನನ್ನನ್ನು ಹಾದುಹೋಗುವಾಗ ಒಂದು ಥರ ನೋಡುತ್ತಿದ್ದರು.

ಗುಡಿಯ ಭಿಕ್ಷು ರ್‍ಯೋಕೈ ಅವರು ಮನಸ್ಸು ನಿಲ್ಲಿಸುವ ಚಿತ್ರ ಯಾವುದೆಂದು ಕೇಳಿದರು. ಆ ಹೊತ್ತಿಗೆ ನನ್ನ ನೆನಪಿನ ಪೋಸ್ಟರು ಮುಗಿಯುತ್ತ ಬಂದಿತ್ತು. ಕೆರೆಯಿಂದ ಎದ್ದು ಪಟ್ಟಣ ತುಳಿಯುವ ದೈತ್ಯ ಬೆಕ್ಕುಮೀನಿನ ಚಿತ್ರ ಹೇಳಿಬಿಟ್ಟೆ. ಆ ತಿಂಗಳ ಪ್ರವಚನದಲ್ಲಿ ಅವರು, ನಾವೆಲ್ಲರೂ ಯಾವಾಗ ಹೊರಳುವುದೋ ತಿಳಿಯದ ಬೆಕ್ಕುಮೀನಿನ ಬೆನ್ನ ಮೇಲೆ ಮನೆ ಕಟ್ಟಿಕೊಂಡವರೆಂದು ಹೇಳಿ, ಮುದುಕಿಯರನ್ನೆಲ್ಲ ಅಳಿಸಿದರು. "ಇದನ್ನ ನನಗೆ ತೋರಿಸಿಕೊಟ್ಟವರು ಉಸುಯಿ ಸೆನ್ಸೇ," ಎಂದರು ಕೊನೆಗೆ.

ಹೀಗೆ ನನ್ನ ಹೆಸರಿನ ಕೊನೆಗೆ ಎಲ್ಲರಿಗೂ ಹಚ್ಚುವಂತೆ ಹಚ್ಚಿದ್ದ ಸಾನ್ ಹೋಗಿ, ಗುರುಗಳಿಗೆ ಮಾತ್ರ ಹಚ್ಚುವ ಸೆನ್ಸೇ ಅಂಟಿಕೊಂಡಿತು. ಸುಳ್ಳು ಹೇಳಿ ಗುರುವಾದವರನ್ನು ಲೋಕ ಕಂಡಿದೆ. ಪೂರ್ತಿ ವಾಕ್ಯವನ್ನೇ ಹೇಳದೆ ಗುರುವಾದವನು ನಾನೊಬ್ಬನೇ ಇರಬೇಕು.

ಒಂದು ತೊಂದರೆಯಾಯಿತು. ಗುರುವಾರದ ಆಟಕ್ಕೆ ಜನ ಬರತೊಡಗಿದರು. ಬಂದವರು ಪರದೆಯನ್ನಲ್ಲ, ನನ್ನನ್ನು ನೋಡುತ್ತಿದ್ದರು. ನಾನು ತಲೆ ಬಾಗಿಸಿದರೆ ಅದು ಮುಖ್ಯವಾದ ದೃಶ್ಯವೆಂದು ಎಲ್ಲರೂ ಗಮನ ಕೊಡುತ್ತಿದ್ದರು. ಎಲ್ಲ ಚಿತ್ರದಲ್ಲೂ ಮುಖ್ಯ ದೃಶ್ಯ ಶುರುವಿನಲ್ಲೇ ಬರುವುದೇಕೆಂದು ಯಾರೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಚಿಹಾರು-ಸಾನ್ ಮೊದಲ ಸಲ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಪೊರಕೆ ಇರಲಿಲ್ಲವಾದ್ದರಿಂದ ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು.

"ಕುತ್ತಿಗೆಗೆ ಒಳ್ಳೇ ದಿಂಬು ಯಾವುದು?"

"ಹೊಟ್ಟು ತುಂಬಿದ್ದು. ಬಕ್‌ವೀಟ್ ಅನ್ನೋ ಧಾನ್ಯದ ಹೊಟ್ಟು. ತಲೆ ಇಟ್ಟಲ್ಲೇ ನಿಲ್ಲುತ್ತೆ. ಸ್ವಲ್ಪ ಸದ್ದು ಮಾಡುತ್ತೆ, ಅಷ್ಟೇ."

"ಸದ್ದು ಮಾಡಿದ್ರೆ ಒಳ್ಳೇದೇ. ಚಿಕ್ಕದು ಕೊಡಿ."

"ನಿಮಗಾ?"

"ಇಲ್ಲ. ಒಬ್ಬರಿಗೆ."

ಒಬ್ಬರಿಗೆ! ಯಾರ ತಲೆ ಅದು? ನಲವತ್ತು ದಾಟಿದ ಗಂಡಸು ಉಡುಗೊರೆಯ ಕಾಗದ ಮಡಿಸುತ್ತ ಒಂದು ದಿಂಬನ್ನು ದ್ವೇಷಿಸಿದ್ದು ನಮ್ಮ ಬೀದಿಯ ಇತಿಹಾಸದಲ್ಲಿ ಅದೇ ಮೊದಲಿರಬೇಕು. ಗಂಟು ಎಷ್ಟು ಬಿಗಿಯಾಯಿತೆಂದರೆ, ಬಿಚ್ಚುವವನ ಉಗುರು ಮುರಿಯಲಿ ಎಂಬ ಆಸೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಈ ವರ್ಷದ ಕೊನೆಗೆ ಮುಚ್ತೀನಿ ಅನ್ಸುತ್ತೆ," ಎಂದಳು ಅವಳು ದಿಂಬು ಎತ್ತಿಕೊಂಡು. "ಸೆಂದಾಯ್‌ನಲ್ಲಿ ಅಕ್ಕ ಕರೀತಿದಾಳೆ. ಕಟ್ಟಡ ನಗರಸಭೆಯದ್ದು, ಅವರಿಗೆ ಕಾರು ನಿಲ್ಲಿಸೋ ಜಾಗ ಬೇಕಂತೆ. ಭಾನುವಾರ ಸಂಸ್ಕೃತಿ ವಿಭಾಗದವರೊಬ್ಬರು ಬರ್ತಾರೆ. ಇದು ಸಂಸ್ಕೃತಿ ಅಂತ ಅವರಿಗೆ ಅನ್ನಿಸಿದ್ರೆ ಉಳಿಯುತ್ತೆ. ಇಲ್ಲಾಂದ್ರೆ ಇಲ್ಲ."

ಏನಾದರೂ ಹೇಳಬೇಕಿತ್ತು. ಬಾಯಲ್ಲಿ ಬಿಸಿ ತೋಫು ಇದ್ದವನಂತೆ, ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ. ಅವಳು ತಲೆಬಾಗಿ ಹೊರಟುಹೋದಳು.

ಸಂಜೆ ಚಿತ್ರಮಂದಿರದ ಪಡಸಾಲೆಯಲ್ಲೇ ಸಂಘದ ಸಭೆ ಕೂಡಿತು. ಚಿಹಾರು-ಸಾನ್ ಎಲ್ಲರಿಗೂ ಚಹಾ ಕೊಟ್ಟು ಗೋಡೆಗೆ ಒರಗಿ ನಿಂತಳು.

"ಅಧಿಕಾರಿಗೆ ಯಾವ ಚಿತ್ರ ತೋರಿಸೋದು?" ಎಂದ ಹಂಝಾವಾ. "ಅದನ್ನ ಸೆನ್ಸೇನೇ ಹೇಳ್ಬೇಕು."

"ರೌಡೀದು ಬೇಡಪ್ಪ," ಎಂದಳು ತೋಕಿಯೆ-ಸಾನ್. "ಆಮೇಲೆ ಅವರೂ ಏನಾದ್ರೂ ತೋಫು ಶುರು ಮಾಡ್ತಾರೆ."

ಎಲ್ಲರೂ ನನ್ನತ್ತ ತಿರುಗಿದರು. ನನಗೆ ಚಿಹಾರು-ಸಾನ್ ಮುಖ ನೋಡಬೇಕೆನಿಸಿತು. ಧೈರ್ಯ ಸಾಲದೆ ಅವಳ ತಲೆಯ ಮೇಲಿದ್ದ ಪೋಸ್ಟರು ನೋಡಿದೆ. ಅದು ಎಷ್ಟು ಮಾಸಿತ್ತೆಂದರೆ, ಒಂದು ಸೇತುವೆ ಮಾತ್ರ ಕಾಣುತ್ತಿತ್ತು.

"ಮೂಕಿ ಚಿತ್ರ!" ಎಂದು ಹಂಝಾವಾ ತೊಡೆ ತಟ್ಟಿದ. "ನೋಡಿದ್ರಾ, ಕಣ್ಣಲ್ಲೇ ಹೇಳಿದ್ರು!"

ಚಿಹಾರು-ಸಾನ್ ತಲೆಯೆತ್ತಿ ಪೋಸ್ಟರು ನೋಡಿದಳು. "ಇದರ ಕಥೆ ಹೇಳ್ತಿದ್ದವರು ನಮ್ಮಜ್ಜ," ಎಂದಳು. "ನಿಮಗೆ ಹೇಗೆ ಗೊತ್ತಾಯ್ತು?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ಚಹಾ ಕುಡಿದೆ.

ಮೂಕಿ ಚಿತ್ರಕ್ಕೆ ಪರದೆಯ ಪಕ್ಕ ನಿಂತು ಎಲ್ಲ ಪಾತ್ರಗಳ ಮಾತನ್ನೂ ಆಡುವ ಕಥೆಗಾರ ಬೇಕು. ಆ ಕಸುಬು ಬಲ್ಲವರೊಬ್ಬರು ಕನಝಾವಾದಲ್ಲಿದ್ದರು, ಬರಲು ಒಪ್ಪಿದರು. ಭಾನುವಾರ ಬೆಳಗ್ಗೆ ಹಿಮ ಬಿತ್ತು. ರೈಲು ನಡುದಾರಿಯಲ್ಲಿ ನಿಂತಿತು. ಕಥೆಗಾರರು ಅದರೊಳಗೆ ಕೂತು ಕ್ಷಮೆ ಕೇಳಿ ಫೋನು ಮಾಡಿದರು.

ಚಿತ್ರಮಂದಿರ ತುಂಬಿತ್ತು. ಸಂಸ್ಕೃತಿ ವಿಭಾಗದ ನೆಝು-ಸಾನ್ ಮೂರನೇ ಸಾಲಿನಲ್ಲಿ ಕೂತು, ಹಿಂದಿನ ಸಂಜೆಯ ವರ್ಷಾಂತ್ಯದ ಔತಣದಿಂದ ಇನ್ನೂ ಕೆಂಪಗಿದ್ದ ಕಣ್ಣಿನಿಂದ ಎಲ್ಲರಿಗೂ ತಲೆಬಾಗುತ್ತಿದ್ದರು. ಹಂಝಾವಾ ವೇದಿಕೆ ಹತ್ತಿದ.

"ಕಥೆಗಾರರು ಬರೋಕಾಗ್ಲಿಲ್ಲ. ಚಿಂತೆ ಬೇಡ! ನಮ್ಮ ಸೆನ್ಸೇ ಈ ಚಿತ್ರವನ್ನ ಹೃದಯದಲ್ಲಿ ಇಟ್ಕೊಂಡಿದಾರೆ."

"ನನ್ನಿಂದಾಗಲ್ಲ," ಎಂದೆ.

ಜನ ಮೆಚ್ಚುಗೆಯಿಂದ ತಲೆಯಾಡಿಸಿದರು. ಗೌರವ ಸಿಕ್ಕಿದಾಗ ಮೊದಲ ಸಲ ಬೇಡವೆನ್ನುವುದು ನಮ್ಮಲ್ಲಿ ವಾಡಿಕೆ.

"ನಿಜವಾಗ್ಲೂ ಆಗಲ್ಲ!"

ಎರಡನೆಯ ಸಲ ಬೇಡವೆನ್ನುವುದು ಒಳ್ಳೆಯ ಮನೆತನದ ಲಕ್ಷಣ.

"ದಮ್ಮಯ್ಯ, ಹಂಝಾವಾ-ಸಾನ್, ನನಗೆ ಏನೂ ಗೊತ್ತಿಲ್ಲ!"

ಚಪ್ಪಾಳೆ ಕಿವಿಗಡಚಿಕ್ಕಿತು. ಮೂರು ಸಲ ಬೇಡವೆಂದವನು ಒಪ್ಪಿದನೆಂದೇ ಅರ್ಥ. ಒಪ್ಪದವನು ಏನೆನ್ನಬೇಕೆಂದು ನಮ್ಮ ಹಿರಿಯರು ಕಲಿಸಿಲ್ಲ. ನನ್ನನ್ನು ಪರದೆಯ ಪಕ್ಕದ ಮೇಜಿಗೆ ತಂದು ನಿಲ್ಲಿಸಿದರು. ಮೇಜಿನ ದೀಪ ನನ್ನ ಮುಖಕ್ಕೇ ಹೊಡೆಯುತ್ತಿತ್ತು. ಕತ್ತಲಾಯಿತು.

ಪರದೆಯ ಮೇಲೆ ಒಬ್ಬ ಲಾಟೀನು ಮಾಡುವವನು, ಅವನ ಹೆಂಡತಿ. ಅವಳು ಬಾಯಿ ತೆರೆದು ಏನೋ ಅಂದಳು. ಏನಂದಳು? ನಾನು ನಿಂತೆ. ಅವನು ಏನೋ ಅಂದ. ನಾನು ನಿಂತೆ. ಸಭೆ ಮರ್ಯಾದೆಯಿಂದ ಕಾಯಿತು. ಇಷ್ಟು ಜನರ ಎದುರು, ನಿಂತುಕೊಂಡು, ದೀಪದ ಕೆಳಗೆ ನಿದ್ದೆ ಬರುವ ಹಾಗೂ ಇರಲಿಲ್ಲ. ನೆಝು-ಸಾನ್ ಗಡಿಯಾರ ನೋಡಿದರು. ಹಿಂದೆ ಬಾಗಿಲ ಹತ್ತಿರ ಚಿಹಾರು-ಸಾನ್ ಪೊರಕೆ ಹಿಡಿದು ನಿಂತಿರುವುದು ಕಂಡಿತು. ಸಾಲ ಕೊಟ್ಟ ಸಾಹುಕಾರ ಬಂದು ಲಾಟೀನಿನವನ ಮನೆಯ ಬಾಗಿಲು ಒದ್ದ. ನಾನು ನಿಂತೇ ಇದ್ದೆ.

"ಥೂ, ನಿನ್ನ ಕಾಲು ಸೇದಿಹೋಗ!"

ಮುಂದಿನ ಸಾಲಿನ ಓತೊಮೆ ಅಜ್ಜಿ. ತೊಂಬತ್ತರ ಹತ್ತಿರದ ಮುದುಕಿ, ಚಿತ್ರಮಂದಿರದಲ್ಲಿ ಕೆಮ್ಮಿದವಳೂ ಅಲ್ಲ. ಕೈಯಲ್ಲಿದ್ದ ಕಿತ್ತಳೆಯನ್ನು ಪರದೆಯ ಸಾಹುಕಾರನಿಗೆ ಬೀಸಬೇಕೆಂದು ಕೈಯೆತ್ತಿದಳು. ಅದು ಕೈ ಜಾರಿ ಹಿಂದಕ್ಕೆ ಹಾರಿ ನೆಝು-ಸಾನ್ ಭುಜಕ್ಕೆ ಬಡಿಯಿತು. ಅವರು ಎದ್ದು, ಅಡ್ಡ ಕೂತದ್ದಕ್ಕೆ ಕ್ಷಮೆ ಕೇಳಿದರು.

"ಅರ್ಥ ಆಯ್ತು!" ಎಂದು ಹಂಝಾವಾ ಕೂಗಿದ. "ಸೆನ್ಸೇ ನಮಗೆ ಬಿಟ್ಟಿದಾರೆ! ನಾವು ಹೇಳ್ಬೇಕು! ಏಯ್, ಹಣ ಇಡು, ಇಲ್ಲಾ ಮನೆ ಬಿಡು!" ಸಾಹುಕಾರನ ದನಿ ಅವನಿಗೆ ಚೆನ್ನಾಗಿ ಹೊಂದಿತು.

"ಮಾವ, ಸ್ವಲ್ಪ ಹೊಸ ಥರ ಯೋಚ್ನೆ ಮಾಡಿ," ಎಂದಿತು ಅಳಿಯನ ದನಿ.

ಪರದೆಯ ಮೇಲೆ ಹೆಂಡತಿ ಗಂಡನ ಕಡೆ ತಿರುಗಿದಳು. ತೋಕಿಯೆ-ಸಾನ್ ಬಿಡಲಿಲ್ಲ. "ನಾಲ್ಕು ದಿನದಿಂದ ಅದೇ ಕಾಲುಚೀಲ! ನಾಚಿಕೆ ಆಗಲ್ವಾ?"

"ಅವನು ಕಾಲುಚೀಲನೇ ಹಾಕಿಲ್ಲ ಕಣೇ!" ಎಂದ ಕ್ಷೌರಿಕ.

"ನಾನು ಅವನಿಗೆ ಹೇಳಿದ್ದಲ್ಲ!"

ಸಭೆ ಬಿದ್ದುಬಿದ್ದು ನಕ್ಕಿತು. ಗಾಳಿ ಬೀಸಿದಾಗ ಭಿಕ್ಷುಗಳು ಗಾಳಿಯಾದರು. ನಾಯಿ ಬಂದಾಗ ನಾಯಿಯಾಗಲು ಹಿಂದಿನ ಸಾಲಿನಲ್ಲಿ ಪೈಪೋಟಿಯೇ ನಡೆಯಿತು. ಲಾಟೀನಿನವನು ಊರು ಬಿಟ್ಟು ಹೊರಟಾಗ ಕ್ಷೌರಿಕ, "ಬರ್ತೀನಿ," ಎಂದ. ಅಷ್ಟೇ ಅಂದ. ತೋಕಿಯೆ-ಸಾನ್ ಬಾಯಿ ತೆರೆದವಳು ಮುಚ್ಚಿಕೊಂಡಳು.

ಆಮೇಲೆ ಸೇತುವೆ ಬಂತು. ಹೆಂಡತಿ ಹಿಮದಲ್ಲಿ ನಿಂತು ಕಾಯುತ್ತಿದ್ದಳು. ದೂರದಲ್ಲಿ ಒಂದು ಲಾಟೀನು ಅಲ್ಲಾಡಿತು. ಹಿಡಿದವನ ಮುಖ ಕಾಣುತ್ತಿರಲಿಲ್ಲ. ಸಭೆ ನನ್ನತ್ತ ನೋಡಿತು. ಇದು ಸೆನ್ಸೇ ಹೇಳಬೇಕಾದ ಮಾತೆಂದು ಎಲ್ಲರಿಗೂ ಅನ್ನಿಸಿತ್ತು. ನನಗೂ ಅನ್ನಿಸಿತು. ನಾನು ಪರದೆ ನೋಡಿದೆ, ಬಾಗಿಲ ಕಡೆ ನೋಡಿದೆ. ಒಂದು ಮಾತೂ ಹೊರಡಲಿಲ್ಲ. ಯಂತ್ರ ತಿರುಗುವ ಸದ್ದು ಮಾತ್ರ. ಲಾಟೀನು ಹತ್ತಿರ ಬಂತು, ಹತ್ತಿರ ಬಂತು, ಚಿತ್ರ ಮುಗಿಯಿತು.

ದೀಪ ಹತ್ತಿತು. ಯಾರೂ ಏಳಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರೂ ಒಬ್ಬರು ಮಾತ್ರ ಏಳಲಿಲ್ಲ. ನೆಝು-ಸಾನ್ ತಲೆ ಎದೆಗೆ ಬಾಗಿತ್ತು. ತುಟಿ ಬಿಗಿದಿತ್ತು. ಮುಖ ಒಮ್ಮೆ ನಡುಗಿತು, ಮೂಗು ಅರಳಿತು, ಎರಡೂ ಕಣ್ಣಿನಿಂದ ನೀರು ಇಳಿಯಿತು.

"ಅಯ್ಯೋ, ಅಳ್ತಿದಾರೆ!" ಎಂದಳು ತೋಕಿಯೆ-ಸಾನ್.

ಆ ಇಡೀ ಮಂದಿರದಲ್ಲಿ ಅದೇನೆಂದು ಬಲ್ಲ ತಜ್ಞ ನಾನೊಬ್ಬನೇ. ನೆಝು-ಸಾನ್ ಕಣ್ಣು ಬಿಟ್ಟರು. ಊರೆಲ್ಲ ಕೈಮುಗಿದು ಸುತ್ತ ನಿಂತಿತ್ತು. ಅವರ ಮುಖದಲ್ಲಿ ಆ ಪ್ರಶ್ನೆ ಹಾದುಹೋದದ್ದು ನನಗೆ ಕಂಡಿತು: ಈಗ ಎದ್ದುಬಿಡಲೇ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲೇ?

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಅವರಿಗೆ ತಪ್ಪಿಸಿಕೊಳ್ಳಲು ಒಂದೇ ದಾರಿಯಿತ್ತು.

"ಕೊನೆಯ ಆ ಮೌನ," ಎಂದರು ನೆಝು-ಸಾನ್ ಕರವಸ್ತ್ರ ತೆಗೆದು. "ಅದಾದ ಮೇಲೆ ನನಗೆ ಏನೂ ನೆನಪಿಲ್ಲ. ಇದು ಸಂಸ್ಕೃತಿ ಅಲ್ದೇ ಮತ್ತೇನು? ಮೇಲಿನವರಿಗೆ ಹಾಗೇ ಬರೀತೀನಿ."

ಹಂಝಾವಾ ಅಲ್ಲೇ ಎಲ್ಲರಿಗೂ ಚಾಕೊಲೇಟ್ ತೋಫು ಹಂಚಿದ. ಆ ದಿನ ಅದನ್ನೂ ತಿಂದರು.

ಮುಂದಿನ ಗುರುವಾರ ಹಿಮ ಇನ್ನೂ ಕರಗಿರಲಿಲ್ಲ. ಟಿಕೆಟ್ ಕಿಂಡಿಯಲ್ಲಿ ಚಿಹಾರು-ಸಾನ್ ಎಂದಿನಂತೆ ಟಿಕೆಟ್ ಹರಿದುಕೊಟ್ಟಳು. ಬಲಗೈ ತೋರುಬೆರಳಿನ ಉಗುರಿಗೆ ಪಟ್ಟಿ ಸುತ್ತಿತ್ತು.

"ಅಕ್ಕನಿಗೆ ಬರಲ್ಲ ಅಂತ ಹೇಳಿದೆ," ಎಂದಳು.

"ಹಾಗಾ," ಎಂದೆ.

ನನ್ನ ಸೀಟಿನ ಮೇಲೆ ಹೊಟ್ಟಿನ ಚಿಕ್ಕ ದಿಂಬೊಂದು ಇತ್ತು. ನಮ್ಮಂಗಡಿಯದು. ಕಾಗದ ಬಿಚ್ಚಿಯಾಗಿತ್ತು, ಗಂಟಿನ ದಾರ ಕತ್ತರಿಸದೆ ಬಿಡಿಸಿ ಪಕ್ಕದಲ್ಲಿ ಸುತ್ತಿಟ್ಟಿತ್ತು. ತಿರುಗಿ ನೋಡಿದೆ. ಅವಳು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು.

"ಗೋಡೆ ಕಡೆ ಒರಗಿಕೊಳ್ಳಿ. ಕುತ್ತಿಗೆ ಉಳುಕಲ್ಲ."

"ನಿಮಗೆ ಯಾವಾಗಿಂದ..."

"ಮೊದಲನೇ ಗುರುವಾರದಿಂದ. ಎಲ್ಲರಿಗೂ ನೀವೇ ಸಿನಿಮಾ ಹೇಳ್ತೀರ. ಈ ವಾರದ್ದು ನಿಮಗೆ ಅಂತ ನಾನು ಆರಿಸಿದೀನಿ."

"ಯಾವುದು? ಹೇಗಿದೆ?"

"ಅರವತ್ತರ ದಶಕದ್ದು. ಒಂದು ಕುಟುಂಬ, ಚಹಾ ಕುಡೀತಾರೆ. ಗಲಾಟೆ ಇಲ್ಲ, ಸಂಗೀತ ಕಮ್ಮಿ." ಅವಳ ಮುಖದಲ್ಲಿ ನಗು ಇರಲಿಲ್ಲ, ಇತ್ತು. "ತುಂಬಾ ಉದ್ದ ಇದೆ."

ಕತ್ತಲಾಯಿತು. ದಿಂಬು ಕಿವಿಯ ಹತ್ತಿರ ಸರಸರ ಎಂದಿತು. ಬಾಗಿಲ ಆಚೆ ಪಡಸಾಲೆಯಲ್ಲಿ ಪೊರಕೆ ಶುರುವಾಯಿತು. ಪರದೆಯ ಮೇಲೆ ಯಾರೋ ಚಹಾಕ್ಕೆ ನೀರಿಟ್ಟರು.

ಆ ಪೊರಕೆಯ ಸದ್ದು ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ ಎಂದು ನಾನು ಅವಳಿಗೆ ಹೇಳಲಿಲ್ಲ.